ನನ್ನ ಸಂಗಾತಿ ಟೂ-ಸ್ಪಿರಿಟ್, ಡ್ರ್ಯಾಗ್ ಕಲಾವಿದರೂ ಹೌದು: ಅವರ ಊರಿಗೆ ಹೋಗುವ ಮೊದಲು ನಾನು ಏನು ತಿಳಿದಿರಬೇಕು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು, ಈಗ ಕೆನಡಾದ ವಿನ್ನಿಪೆಗ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಕ್ರೀ ಮೂಲನಿವಾಸಿ ಸಮುದಾಯದ ಒಬ್ಬರನ್ನು ಪ್ರೀತಿಸುತ್ತಿದ್ದೇನೆ. ಅವರು ತಮ್ಮನ್ನು ಟೂ-ಸ್ಪಿರಿಟ್ ಎನ್ನುತ್ತಾರೆ. ವಾರಾಂತ್ಯದಲ್ಲಿ ಡ್ರ್ಯಾಗ್ ವೇಷ ತೊಟ್ಟು ವೇದಿಕೆ ಏರುತ್ತಾರೆ. ಇವೆರಡೂ ಒಂದೇ ಏನು? ಊರಿನಲ್ಲಿ ನನ್ನ ಅಕ್ಕನಿಗೆ ಮಾತ್ರ ವಿಷಯ ಗೊತ್ತು. 'ನಮ್ಮ ಜೋಗಪ್ಪನವರ ಹಾಗೆಯೇ?' ಎಂದು ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಪ್ರದರ್ಶನಕ್ಕೆ ಬರುವವರೆಲ್ಲ ನನ್ನ ಸಂಗಾತಿಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಆದರೆ ಹುಟ್ಟೂರಿನ ಮಾತು ಬಂದರೆ ಅವರು ಸುಮ್ಮನಾಗಿಬಿಡುತ್ತಾರೆ. ಈ ಬೇಸಿಗೆಯಲ್ಲಿ ಮೊದಲ ಬಾರಿಗೆ ಅಲ್ಲಿನ ಪೌವೌಗೆ, ಅಂದರೆ ಮೂಲನಿವಾಸಿಗಳು ಸೇರಿ ಹಾಡಿ ಕುಣಿಯುವ ಉತ್ಸವಕ್ಕೆ, ನನ್ನನ್ನು ಕರೆದಿದ್ದಾರೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು? ನಮ್ಮಿಬ್ಬರಿಗೆ ಅಲ್ಲಿ ಜಾಗ ಇರುತ್ತದೆಯೇ?

ಉತ್ತರ: ಎರಡೂ ಒಂದೇ ಅಲ್ಲ. ಡ್ರ್ಯಾಗ್ ಒಂದು ರಂಗಕಲೆ, ಹೆಣ್ಣಿನ ಅಥವಾ ಗಂಡಿನ ವೇಷವನ್ನು ಬೇಕೆಂದೇ ಅತಿಯಾಗಿಸಿ ತೊಟ್ಟು ಆಡುವ ಆಟ. ಯಾವ ದೇಶದವರು, ಯಾವ ಲಿಂಗದವರು ಬೇಕಾದರೂ ಅದನ್ನು ಕಲಿಯಬಹುದು, ಬೇಸರವಾದರೆ ಬಿಡಬಹುದು. ಟೂ-ಸ್ಪಿರಿಟ್ ಎನ್ನುವುದು ಉತ್ತರ ಅಮೆರಿಕದ ಮೂಲನಿವಾಸಿ ಜನಾಂಗವೊಂದರ ಒಳಗೆ, ಆ ಜನಾಂಗದವರಿಗೆ ಮಾತ್ರ ಇರುವ ಸ್ಥಾನ. ಅದಕ್ಕೆ ಲಿಂಗ, ಪ್ರೀತಿ, ಆಚರಣೆ, ಹೊಣೆಗಾರಿಕೆ ಎಲ್ಲವೂ ಅಂಟಿಕೊಂಡಿರುತ್ತವೆ. ನೀವಾಗಲಿ ನಾನಾಗಲಿ ನಮ್ಮನ್ನು ಟೂ-ಸ್ಪಿರಿಟ್ ಎಂದು ಕರೆದುಕೊಳ್ಳುವಂತಿಲ್ಲ. ಹಾಗೆಯೇ ಬಹುಪಾಲು ಟೂ-ಸ್ಪಿರಿಟ್ ಜನ ಒಮ್ಮೆಯೂ ಡ್ರ್ಯಾಗ್ ವೇದಿಕೆ ಹತ್ತಿದವರಲ್ಲ. ನಿಮ್ಮ ಸಂಗಾತಿಯಲ್ಲಿ ಎರಡೂ ಕೂಡಿವೆ, ಮತ್ತು ಹಾಗೆ ಕೂಡಿದ್ದರ ಹಿಂದೆ ಒಂದು ಇತಿಹಾಸವಿದೆ. ಹುಟ್ಟೂರಿನ ಮಾತು ಬಂದಾಗ ಅವರು ಸುಮ್ಮನಾಗುವುದಕ್ಕೂ ಆ ಇತಿಹಾಸಕ್ಕೂ ನಂಟಿದೆ ಎಂದು ನನಗೆ ಅನಿಸುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ನಿಮ್ಮ ಅಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ಮಲೆನಾಡಿನವರಾದ ನಿಮಗೆ ಯಕ್ಷಗಾನದ ಸ್ತ್ರೀವೇಷ ಚೆನ್ನಾಗಿ ಗೊತ್ತು. ಚೌಕಿಯಲ್ಲಿ ಬಣ್ಣ ಹಚ್ಚಿ, ಸೀರೆ ಉಟ್ಟು, ರಾತ್ರಿಯಿಡೀ ದಾಕ್ಷಾಯಿಣಿಯಾಗಿ ಜನರ ಕಣ್ಣಲ್ಲಿ ನೀರು ತರಿಸಿದ ಕಲಾವಿದ ಬೆಳಗ್ಗೆ ಮುಖ ತೊಳೆದು, ಅಂಗಿ ತೊಟ್ಟು ಬಸ್ ಹತ್ತುತ್ತಾನೆ. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪನವರಿಗೆ ಅಂಥ ಬೆಳಗು ಇಲ್ಲ. ಚೌಡಿಕೆ ಹಿಡಿದಾಗಲೂ ಅವರು ಜೋಗಪ್ಪ, ಕೆಳಗಿಟ್ಟು ಸಂತೆಗೆ ಹೋದಾಗಲೂ ಜೋಗಪ್ಪ. ಡ್ರ್ಯಾಗ್ ಮೊದಲನೆಯದಕ್ಕೆ ಹತ್ತಿರ, ಟೂ-ಸ್ಪಿರಿಟ್ ಎರಡನೆಯದಕ್ಕೆ ಹತ್ತಿರ. ಅಕ್ಕನಿಗೆ ಇಷ್ಟು ಹೇಳಿದರೆ ಅರ್ಧ ದಾರಿ ಮುಗಿಯಿತು.

ಇನ್ನರ್ಧ ದಾರಿಗೆ ಈ ಹೋಲಿಕೆ ಬರುವುದಿಲ್ಲ. ಜೋಗಪ್ಪನವರನ್ನು ಕರೆಯುವವಳು ಒಬ್ಬಳು ದೇವಿ. ಟೂ-ಸ್ಪಿರಿಟ್ ಎಂಬುದಕ್ಕೆ ಅಂಥ ಒಂದು ಮೂಲವಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರ ಮಾನ್ಯ ಮಾಡಿರುವ ಜನಾಂಗಗಳೇ 570ಕ್ಕೂ ಹೆಚ್ಚು, ಕೆನಡಾದಲ್ಲಿ 630ಕ್ಕೂ ಹೆಚ್ಚು ಫಸ್ಟ್ ನೇಷನ್ ಎಂದು ಕರೆಸಿಕೊಳ್ಳುವ ಮೂಲನಿವಾಸಿ ಸಮುದಾಯಗಳಿವೆ. ನವಾಹೊಗಳ ನಾದ್ಲೀಹಿ, ಜೂನಿಗಳ ಲ್ಹಮನ, ಕ್ರೋ ಜನರ ಬಾಟೆ, ಲಕೋಟಾಗಳ ವಿಂಕ್ಟೆ ಇವೆಲ್ಲ ಬೇರೆ ಬೇರೆ ಭಾಷೆಗಳಲ್ಲಿ, ಬೇರೆ ಬೇರೆ ನಂಬಿಕೆಗಳ ನಡುವೆ ಬೆಳೆದ ಸ್ಥಾನಗಳು. ಪ್ರತಿಯೊಂದು ಜನಾಂಗದಲ್ಲೂ ಹೀಗೊಂದು ಸ್ಥಾನವಿತ್ತು ಎನ್ನಲು ಬರುವುದಿಲ್ಲ. ಇದ್ದ ಕಡೆಯಲ್ಲೆಲ್ಲ ಗೌರವವೇ ಇತ್ತು ಎನ್ನುವುದೂ ಸುಳ್ಳು. 'ಹಿಂದೆ ಎಲ್ಲರೂ ನಿಮ್ಮನ್ನು ಪೂಜಿಸುತ್ತಿದ್ದರಂತೆ' ಎಂದು ನಿಮ್ಮ ಸಂಗಾತಿಗೆ ಎಂದೂ ಹೇಳಬೇಡಿ. ಅದು ಹೊಗಳಿಕೆಯಂತೆ ಕಂಡರೂ ಅವರನ್ನು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗೆ ಕೂರಿಸುತ್ತದೆ.

ಎರಡನ್ನೂ ಒಂದೇ ಎಂದುಕೊಂಡರೆ ಆಗುವ ಅನಾಹುತಕ್ಕೆ ಇತ್ತೀಚಿನ ಉದಾಹರಣೆಯೇ ಇದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯ, ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಡ್ರ್ಯಾಗ್ ಕಲಾವಿದರು ಮಕ್ಕಳಿಗೆ ಕತೆ ಓದುವುದನ್ನು ನಿಷೇಧಿಸುವ ಕಾನೂನು ತಂದಿತು. ಮರುತಿಂಗಳೇ ಬ್ಯೂಟ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಏಡ್ರಿಯಾ ಜಾವೋರ್ಟ್ ಅವರ ಉಪನ್ಯಾಸವೊಂದು ನಿಗದಿಯಾಗಿತ್ತು. ಅವರು ನಾರ್ದರ್ನ್ ಷೆಯೆನ್ ಮೂಲದ ಲೇಖಕಿ, ಟ್ರಾನ್ಸ್ ಮಹಿಳೆ, ಟೂ-ಸ್ಪಿರಿಟ್. ಮಾತನಾಡಬೇಕಿದ್ದದ್ದು ಮೊಂಟಾನಾದ ಟೂ-ಸ್ಪಿರಿಟ್ ಮತ್ತು ಇತರ ಲೈಂಗಿಕ ಅಲ್ಪಸಂಖ್ಯಾತರ ಇತಿಹಾಸದ ಬಗ್ಗೆ. ಹೊಸ ಕಾನೂನಿನ ಕಾರಣ ಕೊಟ್ಟು ಉಪನ್ಯಾಸವನ್ನೇ ರದ್ದು ಮಾಡಲಾಯಿತು. ಅವರು ಡ್ರ್ಯಾಗ್ ಮಾಡುವವರಲ್ಲ. ತಮ್ಮ ದಿನನಿತ್ಯದ ಉಡುಪಿನಲ್ಲಿ ಬಂದು ಇತಿಹಾಸ ಹೇಳಿ ಹೋಗುವವರಿದ್ದರು. ಅವರು ನ್ಯಾಯಾಲಯಕ್ಕೆ ಹೋದರು, ಒಕ್ಕೂಟ ನ್ಯಾಯಾಧೀಶರು ಕಾನೂನಿಗೆ ತಡೆ ಕೊಟ್ಟರು. ಒಬ್ಬ ವ್ಯಕ್ತಿಯ ಬದುಕನ್ನೇ ವೇಷವೆಂದು ಓದಿದ ಕಾನೂನು ಅದು. ನಿಮ್ಮ ಮನಸ್ಸಿನಲ್ಲೂ 'ಇವರಲ್ಲಿ ನಿಜ ಯಾವುದು, ವೇಷ ಯಾವುದು' ಎಂಬ ಪ್ರಶ್ನೆ ಎದ್ದರೆ ಈ ಪ್ರಕರಣವನ್ನು ನೆನಪಿಸಿಕೊಳ್ಳಿ.

ಈಗ ಇತಿಹಾಸಕ್ಕೆ ಬರೋಣ. ಜೂನಿ ಜನಾಂಗದ ವೀವಾ ಎಂಬ ಲ್ಹಮನ 1886ರಲ್ಲಿ ವಾಷಿಂಗ್ಟನ್‌ಗೆ ಬಂದು ತಿಂಗಳುಗಟ್ಟಲೆ ಉಳಿದರು, ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನು ಭೇಟಿಯಾದರು, ತಮ್ಮ ನೇಯ್ಗೆಯನ್ನು ವಿದ್ವಾಂಸರ ಮುಂದೆ ಮಾಡಿ ತೋರಿಸಿದರು. ರಾಜಧಾನಿಯ ಗಣ್ಯರೆಲ್ಲ ಅವರನ್ನು ಜೂನಿಗಳ ರಾಜಕುಮಾರಿ ಎಂದೇ ಬಗೆದರು. ಡ್ರ್ಯಾಗ್‌ನಲ್ಲಿ ಪ್ರೇಕ್ಷಕರಿಗೆ ಗುಟ್ಟು ಮೊದಲೇ ಗೊತ್ತಿರುತ್ತದೆ, ಆಟದ ಸೊಗಸು ಅಲ್ಲೇ ಇರುವುದು. ವೀವಾ ಯಾರನ್ನೂ ರಂಜಿಸಲು ಹೊರಟವರಲ್ಲ. ಊರಿನಲ್ಲಿ ಹೇಗೆ ಉಡುತ್ತಿದ್ದರೋ ಹಾಗೆಯೇ ಉಟ್ಟು ಬಂದಿದ್ದರು.

ಕ್ರೋ ಜನಾಂಗದ ಓಷ್-ಟಿಶ್ ಅವರ ಕತೆ ಇದಕ್ಕಿಂತ ಕಠಿಣ, ಮತ್ತು ನಿಮಗೆ ಇದೇ ಹೆಚ್ಚು ಮುಖ್ಯ. ಅವರು ಬಾಟೆ. ಹೊಲಿಗೆಯಲ್ಲಿ ಎತ್ತಿದ ಕೈ. ಕಾಡೆಮ್ಮೆಯ ಚರ್ಮ ಹೊಲಿದು ಅವರು ಕಟ್ಟಿದ ಗುಡಾರಗಳಿಗೆ ಹೆಸರಿತ್ತು. 1876ರ ಜೂನ್ 17ರಂದು ನಡೆದ ರೋಸ್‌ಬಡ್ ಕಾಳಗದಲ್ಲಿ ಹೋರಾಡಿದವರಲ್ಲಿ ಅವರೂ ಒಬ್ಬರು. ಹೊಲಿಗೆ, ಯುದ್ಧ, ಆಚರಣೆ ಮೂರರಲ್ಲೂ ಸಮುದಾಯಕ್ಕೆ ಬೇಕಾದ ವ್ಯಕ್ತಿ. 1890ರ ದಶಕದಲ್ಲಿ ಸರ್ಕಾರದ ಏಜೆಂಟನೊಬ್ಬ ಅಲ್ಲಿನ ಬಾಟೆಗಳನ್ನು ಹಿಡಿದು ಕೂಡಿಹಾಕಿದ. ಅವರ ಕೂದಲು ಕತ್ತರಿಸಿದ, ಗಂಡಸರ ಬಟ್ಟೆ ತೊಡಿಸಿದ, ಮರ ನೆಡುವ ಕೆಲಸಕ್ಕೆ ಹಚ್ಚಿದ. ಕ್ರೋ ಜನ ಸಿಟ್ಟಾದರು. ಮುಖ್ಯಸ್ಥ ಪ್ರಿಟಿ ಈಗಲ್ ಆ ಏಜೆಂಟನಿಗೆ 'ನಮ್ಮ ನೆಲ ಬಿಟ್ಟು ನಡೆ' ಎಂದರು. ಈ ಘಟನೆಯನ್ನು ಕ್ರೋ ಇತಿಹಾಸಕಾರ ಜೋ ಮೆಡಿಸಿನ್ ಕ್ರೋ 1980ರ ದಶಕದಲ್ಲಿ ಹೇಳಿದ್ದಾರೆ: ಅವರನ್ನು ಬದಲಾಯಿಸಲು ಹೊರಟದ್ದೇ ಒಂದು ದುರಂತ ಎಂದು. ತಮ್ಮವರ ಕೂದಲಿಗೆ ಕೈಹಾಕಿದ್ದನ್ನು ಊರಿಗೆ ಊರೇ ತನ್ನ ಮೇಲಿನ ಹಲ್ಲೆ ಎಂದು ತೆಗೆದುಕೊಂಡಿತು. ಜನರ ನಡುವೆ ಜಾಗ ಇರುವುದೆಂದರೆ ಹೀಗೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ನನಗೆ ಗೊತ್ತಿಲ್ಲ.

ಆಮೇಲೆ ಅದು ಕುಸಿಯಿತು. ಕ್ರೋಗಳ ನಡುವೆ ನೆಲೆಸಿದ ಪಾದ್ರಿಗಳು ಓಷ್-ಟಿಶ್ ವಿರುದ್ಧ ಉಪದೇಶ ಮಾಡತೊಡಗಿದರು. 1929ರಲ್ಲಿ ಓಷ್-ಟಿಶ್ ತೀರಿಕೊಂಡ ಹೊತ್ತಿಗೆ ಆ ಹಾದಿ ಹಿಡಿಯಲು ಹೊಸ ತಲೆಮಾರು ಹೆದರುತ್ತಿತ್ತು. ಕೆನಡಾದಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ಯಲಾಯಿತು. ಅವುಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಬಾಗಿಲಲ್ಲೇ ಮಕ್ಕಳ ಜಡೆ ಕತ್ತರಿಸುತ್ತಿದ್ದರು. ಗಂಡು ಮಕ್ಕಳನ್ನು ಒಂದು ಕಡೆ, ಹೆಣ್ಣು ಮಕ್ಕಳನ್ನು ಇನ್ನೊಂದು ಕಡೆ ನಿಲ್ಲಿಸಿ, ಅಣ್ಣ-ತಂಗಿಯರೂ ಮಾತನಾಡದಂತೆ ಬೇರ್ಪಡಿಸುತ್ತಿದ್ದರು. ಆ ಎರಡು ಸಾಲುಗಳ ನಡುವೆ ಮೂರನೆಯವರಿಗೆ ನಿಲ್ಲಲು ಜಾಗವಿರಲಿಲ್ಲ. ಇತ್ತ ಕುಣಿತಕ್ಕೂ ನಿಷೇಧ: ಕೆನಡಾದಲ್ಲಿ 1885ರಿಂದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಆಚರಣೆ ಅಪರಾಧವಾಯಿತು, ಮುಂದೆ ಬಯಲುಸೀಮೆಯ ನೃತ್ಯಾಚರಣೆಗಳಿಗೂ ಕಾನೂನು ಕೈ ಚಾಚಿತು. ಆ ನಿಷೇಧ ಕಾನೂನಿನಿಂದ ಬಿದ್ದುಹೋದದ್ದು 1951ರಲ್ಲಿ. ಶಾಲೆಯಿಂದ ಮರಳಿದ ಮಕ್ಕಳು ಮುಂದೆ ಅಜ್ಜ ಅಜ್ಜಿಯರಾದರು. ಅವರಲ್ಲಿ ಹಲವರು ತಮ್ಮ ಮೊಮ್ಮಕ್ಕಳಿಗೆ ಹೇಳಿದ್ದು ಶಾಲೆಯಲ್ಲಿ ಪೆಟ್ಟು ತಿಂದು ಕಲಿತ ಮಾತನ್ನೇ: ಇದು ಪಾಪ.

ನಿಮ್ಮ ಸಂಗಾತಿಯ ಮೌನದ ಹಿಂದೆ ಇಂಥದ್ದೇನೋ ಇರಬಹುದು. ಏನೆಂದು ನೀವಾಗಿ ಕೆದಕಬೇಡಿ, ಹೇಳುವ ಹೊತ್ತಿಗೆ ಅವರೇ ಹೇಳುತ್ತಾರೆ. ಇಂದಿಗೂ ಎಲ್ಲ ಬಾಗಿಲುಗಳೂ ತೆರೆದಿಲ್ಲ ಎಂಬುದು ಮಾತ್ರ ನಿಮಗೆ ತಿಳಿದಿರಲಿ. ನಾದ್ಲೀಹಿಗಳ ಪರಂಪರೆಯಿರುವ ನವಾಹೊ ರಾಷ್ಟ್ರವೇ 2005ರಲ್ಲಿ ಸಲಿಂಗ ಮದುವೆಯನ್ನು ನಿಷೇಧಿಸಿತು. ಅವರ ಅಧ್ಯಕ್ಷರು ವೀಟೊ ಹಾಕಿ ತಿರಸ್ಕರಿಸಿದರೂ ಮಂಡಳಿ ಅದನ್ನು ಮೀರಿ ಕಾನೂನು ಮಾಡಿತು. ಅದೇ ನೆಲದಲ್ಲಿ, ರಾಜಧಾನಿ ವಿಂಡೋ ರಾಕ್‌ನಲ್ಲಿ, ಈಗ ಡಿನೆ ಪ್ರೈಡ್ ಉತ್ಸವ ನಡೆಯುತ್ತದೆ, ಮತ್ತು ಲೇಡಿ ಶಗ್ ಎಂಬ ಡಿನೆ (ನವಾಹೊಗಳು ತಮ್ಮನ್ನು ಕರೆದುಕೊಳ್ಳುವ ಹೆಸರು ಇದು) ಡ್ರ್ಯಾಗ್ ಕಲಾವಿದರು ತಮ್ಮ ಜನರ ಹಕ್ಕಿಗಾಗಿ ದುಡಿಯುತ್ತಿದ್ದಾರೆ. ಕೆಲವು ಪವಿತ್ರ ಆಚರಣೆಗಳಲ್ಲಿ ಹೆಂಗಸರು ಲಂಗ ಉಡಲೇಬೇಕು, ಗಂಡಸರು ಇಂಥ ಕಡೆ ಕೂರಬೇಕು ಎಂಬ ನಿಯಮಗಳಿವೆ. ಟೂ-ಸ್ಪಿರಿಟ್ ವ್ಯಕ್ತಿಯೊಬ್ಬರು ಅಲ್ಲಿ ಎಲ್ಲಿ ಕೂರಬೇಕು ಎಂಬುದರ ಬಗ್ಗೆ ಹಿರಿಯರಲ್ಲೇ ಭಿನ್ನಾಭಿಪ್ರಾಯವಿದೆ. ಕೆಲವರು ಅದು ಹಳೆಯ ವಿಧಿ ಎನ್ನುತ್ತಾರೆ, ಕೆಲವರು ಮಿಷನರಿಗಳ ಕಾಲದ ಸೇರ್ಪಡೆ ಎನ್ನುತ್ತಾರೆ. ಆ ಜಗಳದಲ್ಲಿ ನೀವು ತೀರ್ಪು ಕೊಡಲು ಹೋಗಬೇಡಿ.

ನೀವಿರುವ ವಿನ್ನಿಪೆಗ್‌ಗೂ ಈ ಕತೆಗೂ ನೇರ ಸಂಬಂಧವಿದೆ. 1990ರಲ್ಲಿ ಅಲ್ಲಿಂದ ತುಸು ದೂರದ ಬೋಸೆಜೋರ್ ಬಳಿ ಅಮೆರಿಕ, ಕೆನಡಾ ಎರಡೂ ಕಡೆಯ ಮೂಲನಿವಾಸಿ ಗೇ ಮತ್ತು ಲೆಸ್ಬಿಯನ್ನರು ಮೂರನೇ ವರ್ಷದ ಸಮಾವೇಶಕ್ಕೆ ಸೇರಿದ್ದರು. ಏಡ್ಸ್ ಊರೂರಿನಲ್ಲಿ ಸಾವು ತರುತ್ತಿದ್ದ ವರ್ಷಗಳು ಅವು. ಟೂ-ಸ್ಪಿರಿಟ್ ಎಂಬ ಹೆಸರು ಎಲ್ಲರ ಬಳಕೆಗೆ ಬಂದದ್ದು ಆ ಸಭೆಯಿಂದ. ಅದನ್ನು ಮುಂದಿಟ್ಟವರು ಮೈರಾ ಲಾರಮೀ ಎಂಬ ಕ್ರೀ ಮಹಿಳೆ. ಮಾನವಶಾಸ್ತ್ರಜ್ಞರು ಅಂಟಿಸಿದ್ದ ಅವಮಾನಕರ ಹೆಸರನ್ನು ಕಿತ್ತುಹಾಕಿ, ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರು. ಇಂದು ಕೆನಡಾ ಸರ್ಕಾರ ಲೈಂಗಿಕ ಅಲ್ಪಸಂಖ್ಯಾತರ ಕುರಿತ ತನ್ನ ಕಾಗದಪತ್ರಗಳಲ್ಲಿ ಟೂ-ಸ್ಪಿರಿಟ್ ಜನರನ್ನೇ ಮೊದಲು ಬರೆಯುತ್ತದೆ, ಈ ನೆಲದಲ್ಲಿ ಮೊದಲಿದ್ದವರು ಅವರು ಎಂಬ ಕಾರಣಕ್ಕೆ.

ಹಾಗಾದರೆ ಡ್ರ್ಯಾಗ್ ಎಲ್ಲಿಂದ ಬಂತು? ಊರಿನಲ್ಲಿ ಜಾಗ ಸಿಗದವರು ನಗರಕ್ಕೆ ಹೋದರು. ನಗರದಲ್ಲಿ ಗೇ ಬಾರ್‌ಗಳಿದ್ದವು, ಆದರೆ ಅಲ್ಲಿ ಮೂಲನಿವಾಸಿ ಮುಖಕ್ಕೆ ಸ್ವಾಗತ ಅಷ್ಟಕ್ಕಷ್ಟೇ. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲಕೋಟಾ ಮೂಲದ ಬಾರ್ಬರಾ ಕ್ಯಾಮರಾನ್ ಮತ್ತು ಪಯೂಟ್ ಮೂಲದ ರ್‍ಯಾಂಡಿ ಬರ್ನ್ಸ್ ಸೇರಿ 'ಗೇ ಅಮೆರಿಕನ್ ಇಂಡಿಯನ್ಸ್' ಕಟ್ಟಿದ್ದು ಈ ಒಂಟಿತನದಿಂದಲೇ. ಡ್ರ್ಯಾಗ್ ಲೋಕದೊಳಗೂ ಬಣ್ಣದ ತಾರತಮ್ಯ ಕಡಿಮೆಯೇನಿರಲಿಲ್ಲ. ನ್ಯೂಯಾರ್ಕ್‌ನ ಕಪ್ಪು ಕಲಾವಿದೆ ಕ್ರಿಸ್ಟಲ್ ಲಬೇಜಾ ಬಿಳಿಯರ ಸ್ಪರ್ಧೆಗಳ ಪಕ್ಷಪಾತಕ್ಕೆ ರೋಸಿ, 1970ರ ದಶಕದ ಆರಂಭದಲ್ಲಿ ತಮ್ಮದೇ 'ಹೌಸ್' ಕಟ್ಟಿದರು. ಮನೆಯಿಂದ ಹೊರದೂಡಲ್ಪಟ್ಟ ಮಕ್ಕಳಿಗೆ ಹಿರಿಯ ಕಲಾವಿದರೇ ತಾಯಿಯಾಗುವ ಪದ್ಧತಿ ಅಲ್ಲಿಂದ ಹಬ್ಬಿತು. ಮೂಲನಿವಾಸಿ ಕಲಾವಿದರಿಗೆ ಈ ಪದ್ಧತಿ ಅಪರಿಚಿತ ಎನಿಸಲಿಲ್ಲ. ಹೆತ್ತವರಷ್ಟೇ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರೂ ಮಕ್ಕಳನ್ನು ಬೆಳೆಸುವ ಸಮಾಜದಿಂದ ಬಂದವರು ಅವರು.

ಚಿಕಸಾ ಜನಾಂಗದ ಲ್ಯಾಂಡಾ ಲೇಕ್ಸ್ ಎಂಬ ಸ್ಯಾನ್ ಫ್ರಾನ್ಸಿಸ್ಕೊದ ಡ್ರ್ಯಾಗ್ ಕಲಾವಿದರನ್ನು ನೋಡಿ. ಅಮೆರಿಕದ 'ಲ್ಯಾಂಡ್ ಓ ಲೇಕ್ಸ್' ಎಂಬ ಪ್ರಸಿದ್ಧ ಬೆಣ್ಣೆ ಪೊಟ್ಟಣದ ಮೇಲೆ ದಶಕಗಳ ಕಾಲ ಗರಿ ಮುಡಿದ, ಮೊಣಕಾಲೂರಿದ ಮೂಲನಿವಾಸಿ ಹುಡುಗಿಯ ಚಿತ್ರವಿತ್ತು. ಕಂಪನಿ ಅದನ್ನು ತೆಗೆದದ್ದು 2020ರಲ್ಲಿ. ಲ್ಯಾಂಡಾ ಲೇಕ್ಸ್ ಆ ಬೆಣ್ಣೆಯ ಹೆಸರನ್ನೇ ಎಷ್ಟೋ ವರ್ಷ ಮೊದಲು ತಮ್ಮ ವೇದಿಕೆಯ ಹೆಸರಾಗಿ ತಿರುಗಿಸಿಕೊಂಡಿದ್ದರು. ಬಿಳಿಯರು ಕಟ್ಟಿಕೊಂಡ ಗೊಂಬೆಯನ್ನು ಕಿತ್ತುಕೊಂಡು, ಅದರೊಳಗೆ ಜೀವಂತ ವ್ಯಕ್ತಿ ನಿಂತು ಮಾತನಾಡಿದ ಹಾಗೆ. ಅವರು ಮೂಲನಿವಾಸಿ ಡ್ರ್ಯಾಗ್ ತಂಡವನ್ನೂ ಕಟ್ಟಿದರು. ನಿಮ್ಮ ವಿನ್ನಿಪೆಗ್‌ನಲ್ಲೇ ಬೆಳೆದ ಕ್ರೀ ಚಿತ್ರಕಾರ ಕೆಂಟ್ ಮಾಂಕ್ಮನ್ ಅವರ ಬೃಹತ್ ಕ್ಯಾನ್ವಾಸ್‌ಗಳಲ್ಲಿ ಎತ್ತರದ ಹಿಮ್ಮಡಿಯ ಬೂಟು ತೊಟ್ಟ ಮಿಸ್ ಚೀಫ್ ಎಂಬ ಪಾತ್ರ ಬರುತ್ತದೆ. ಅದು ಅವರದೇ ಇನ್ನೊಂದು ರೂಪ. 2019ರ ಕೊನೆಯಲ್ಲಿ ಆ ಚಿತ್ರಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಮುಖ್ಯ ಹಜಾರದಲ್ಲೇ ತೂಗಿದವು. 2020ರಲ್ಲಿ 'ಕೆನಡಾಸ್ ಡ್ರ್ಯಾಗ್ ರೇಸ್' ಟಿವಿ ಸ್ಪರ್ಧೆ ಶುರುವಾದಾಗ ಅದರಲ್ಲಿ ಎನ್ಲಕಾಪಮುಕ್ ಜನಾಂಗದ ಇಲೋನಾ ವರ್ಲಿ ಇದ್ದರು, ತಾವು ಟೂ-ಸ್ಪಿರಿಟ್ ಎಂದು ಎಲ್ಲರೆದುರು ಹೇಳಿದರು. 2022ರ ಆವೃತ್ತಿಯಲ್ಲಿ ಸಸ್ಕ್ಯಾಚ್ವಾನ್‌ನ ಡೆನೆ ಕಲಾವಿದೆ ಶೆಲಜಾನ್ ಲರೂ ಬಂದರು. ಅವರ ಹಾಸ್ಯದ ಜೀವಾಳವೇ ಮೂಲನಿವಾಸಿಗಳಿಗೆ ಮೀಸಲಿಟ್ಟ ನೆಲವಾದ ರಿಸರ್ವ್‌ನ ಗಟ್ಟಿಗಿತ್ತಿ ಆಂಟಿಯರು: ಜೋರು ನಗೆ, ಚುರುಕು ನಾಲಿಗೆ, ಎಲ್ಲರ ಸುದ್ದಿಯೂ ಗೊತ್ತಿರುವ ಕಣ್ಣು. ಆಂಟಿಯಾಗಿ ನಟಿಸುವಾಗ ಅವರು ಹೊರಗಿನ ಯಾವುದೋ ಚೆಲುವೆಯನ್ನು ಅನುಕರಿಸುವುದಿಲ್ಲ, ತಮ್ಮನ್ನು ಸಾಕಿ ಬೆಳೆಸಿದ ಹೆಂಗಸರನ್ನು ವೇದಿಕೆಗೆ ಕರೆತರುತ್ತಾರೆ. ನಿಮ್ಮ ಸಂಗಾತಿಯ ಪ್ರದರ್ಶನದಲ್ಲೂ ಹೂವಿನ ಚಿತ್ತಾರದ ತಲೆವಸ್ತ್ರವೋ ಮಣಿ ಹೆಣೆದ ಕಿವಿಯೋಲೆಯೋ ಇದ್ದರೆ ಅದು ಯಾರದ್ದು, ಯಾರು ಹೆಣೆದದ್ದು ಎಂದು ಕೇಳಿ. ಊರಿನ ಮಾತಿಗೆ ಸುಮ್ಮನಾಗುವವರು ಅದರ ಬಗ್ಗೆ ಬಾಯಿ ಬಿಡಬಹುದು.

ಒಂದು ಇಕ್ಕಟ್ಟನ್ನು ಮಾತ್ರ ಗಮನದಲ್ಲಿಡಿ. ಡ್ರ್ಯಾಗ್ ನಡೆಯುವುದು ಬಾರ್‌ನಲ್ಲಿ, ಬಾರ್ ನಡೆಯುವುದು ಮದ್ಯದಿಂದ. ಮದ್ಯ ಈ ಸಮುದಾಯಗಳನ್ನು ಎಷ್ಟು ಹಿಂಡಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಟೂ-ಸ್ಪಿರಿಟ್ ಸಮಾವೇಶಗಳು ಮೊದಲಿನಿಂದಲೂ ಮದ್ಯ, ಮಾದಕ ವಸ್ತುಗಳಿಲ್ಲದೆ ನಡೆಯುತ್ತವೆ. ಅಲ್ಲೂ ಒಂದು ಸಂಜೆ ಹಾಡು, ಕುಣಿತ, ಡ್ರ್ಯಾಗ್ ಇರುವುದುಂಟು, ಚಹಾ ಕುಡಿದು ನಗುತ್ತಾರೆ. ಪವಿತ್ರವಾದ ಹದ್ದಿನ ಗರಿಯನ್ನು ಮದ್ಯ ಇರುವ ಕಡೆ ಒಯ್ಯಬಾರದು ಎಂದು ಹಲವು ಹಿರಿಯರು ಕಲಿಸುತ್ತಾರೆ. ಹಾಗಾಗಿ ಮೂಲನಿವಾಸಿ ಕಲಾವಿದರು ಬಾರ್ ವೇದಿಕೆಗೆ ಏನನ್ನು ಒಯ್ಯಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಎಂದು ಪ್ರತಿ ಬಾರಿಯೂ ಯೋಚಿಸುತ್ತಾರೆ. ನೀವು ಅಭಿಮಾನದಿಂದ 'ಆ ಗರಿ ಹಾಕಿಕೊಂಡರೆ ಚೆನ್ನಾಗಿರುತ್ತಿತ್ತು' ಎನ್ನಬೇಡಿ.

ಇನ್ನು ಪ್ರೀತಿಯ ವಿಷಯ. ಷೆಯೆನ್ ಜನರಲ್ಲಿ ಹೀಮಾನೆ ಎಂದು ಕರೆಸಿಕೊಳ್ಳುತ್ತಿದ್ದವರು ಊರಿನ ಹುಡುಗ ಹುಡುಗಿಯರ ಸಂಬಂಧ ಕುದುರಿಸುವವರು. ದೊಡ್ಡ ನೃತ್ಯವೊಂದನ್ನು ನಡೆಸಿಕೊಡುತ್ತಿದ್ದವರೂ ಅವರೇ. ಪರರ ಪ್ರೀತಿಗೆ ಸೇತುವಾಗಿದ್ದವರ ವಾರಸುದಾರರು ಇಂದು ತಮ್ಮ ಪ್ರೀತಿಗೆ ಅರ್ಜಿ ಹಾಕಬೇಕಾಗಿದೆ. ಪೌವೌಗಳಲ್ಲಿ ಜೋಡಿಗಳು ಕುಣಿಯುವ 'ಸ್ವೀಟ್‌ಹಾರ್ಟ್' ಸ್ಪರ್ಧೆಗಳಿರುತ್ತವೆ. ಏಡ್ರಿಯನ್ ಸ್ಟೀವನ್ಸ್ ಮತ್ತು ಷಾನ್ ಸ್ನೈಡರ್ ಎಂಬ ಟೂ-ಸ್ಪಿರಿಟ್ ಜೋಡಿ ಅದರಲ್ಲಿ ಕುಣಿಯಲು ಹೋದಾಗ, ಜೋಡಿ ಎಂದರೆ ಗಂಡು ಹೆಣ್ಣು ಎಂಬ ನಿಯಮ ಅಡ್ಡ ಬಂತು. ಅವರು ಬೇಸರದಿಂದ ನಗರಕ್ಕೆ ಮರಳಿ ಮುಖ ಮುಚ್ಚಿಕೊಳ್ಳಲಿಲ್ಲ. ಮತ್ತೆ ಮತ್ತೆ ಅದೇ ಅಖಾಡಕ್ಕೆ, ಒಂದೇ ಬಗೆಯ ಉಡುಪು ತೊಟ್ಟು, ಕೈಹಿಡಿದು ಬಂದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ 2012ರಿಂದ ಟೂ-ಸ್ಪಿರಿಟ್ ಜನರದೇ ಪೌವೌ ನಡೆಯುತ್ತಿದೆ, ಯಾರು ಯಾವ ವಿಭಾಗದಲ್ಲಿ ಬೇಕಾದರೂ ಕುಣಿಯಬಹುದು.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ, ಹೊರಗಿನವರಾದ ನಿಮಗೆ ಅದು ತಿಳಿದಿರಬೇಕು. ಕೆನಡಾದ 1876ರ ಇಂಡಿಯನ್ ಕಾಯ್ದೆಯ ಕೆಳಗೆ ಮೂಲನಿವಾಸಿ ಹೆಣ್ಣು ಹೊರಗಿನ ಗಂಡಸನ್ನು ಮದುವೆಯಾದರೆ ಮೂಲನಿವಾಸಿ ಎಂಬ ಅವಳ ಕಾನೂನು ಮಾನ್ಯತೆಯೇ ಹೋಗುತ್ತಿತ್ತು, ಹುಟ್ಟೂರಿನಲ್ಲಿ ವಾಸಿಸುವ ಹಕ್ಕೂ ಹೋಗುತ್ತಿತ್ತು. ಇದು ತಿದ್ದುಪಡಿಯಾದದ್ದು 1985ರಲ್ಲಿ. ಅಂದರೆ ಯಾರನ್ನು ಪ್ರೀತಿಸುತ್ತೀರಿ ಎಂಬುದರ ಮೇಲೆ ನೀವು ಯಾರವರು ಎಂಬುದನ್ನು ಸರ್ಕಾರ ತೀರ್ಮಾನಿಸುತ್ತಿತ್ತು. ಹೊರಗಿನ ಅಳಿಯನನ್ನೋ ಸಂಗಾತಿಯನ್ನೋ ಮನೆಯ ಹಿರಿಯರು ಅಳೆದು ತೂಗಿ ನೋಡುವುದಕ್ಕೆ ನಿಮ್ಮ ಮೈಬಣ್ಣ ಅಥವಾ ನಿಮ್ಮಿಬ್ಬರ ಲಿಂಗವೇ ಕಾರಣವೆಂದು ದುಡುಕಿ ತಿಳಿಯಬೇಡಿ. ಕಳೆದುಕೊಂಡ ಹೆಣ್ಣುಮಕ್ಕಳ ನೆನಪು ಆ ನೋಟದಲ್ಲಿರಬಹುದು.

ಅಕ್ಕನಿಗೆ ಇನ್ನೊಂದು ವಿಷಯವನ್ನೂ ಹೇಳಿ. ವಿನ್ನಿಪೆಗ್ ನಿಂತಿರುವ ನೆಲದ ಬಗ್ಗೆ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಮೊದಲ ಒಪ್ಪಂದವಾದದ್ದು 1871ರ ಆಗಸ್ಟ್‌ನಲ್ಲಿ. ಅದೇ ವರ್ಷ, ಅದೇ ರಾಣಿಯ ಆಳ್ವಿಕೆಯ ಭಾರತದಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಬಂತು. ಅದರ ಒಂದು ಭಾಗ ಹಿಜ್ರಾಗಳ ಹೆಸರುಗಳನ್ನು ಪಟ್ಟಿ ಮಾಡಿ, ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೂ ಕುಣಿಯುವುದನ್ನೂ ಅಪರಾಧವಾಗಿಸಿತು. ಕರ್ನಾಟಕದಲ್ಲಿ 2011ರಷ್ಟು ಈಚೆಗೆ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿದಾಗ ಆ ಹಳೆಯ ಪಟ್ಟಿಯ ನೆರಳೇ ಮತ್ತೆ ಕಾಣಿಸಿತು. ಹೋರಾಟದ ನಂತರ ಅದರ ಭಾಷೆ ಬದಲಾಯಿತು. ಜೋಗಪ್ಪನವರಿಗೂ ಟೂ-ಸ್ಪಿರಿಟ್ ಜನರಿಗೂ ನಂಬಿಕೆ ಬೇರೆ, ದೇವರು ಬೇರೆ. ಇಬ್ಬರ ಬಗೆಯವರನ್ನೂ ಅಪರಾಧಿಗಳಂತೆ ಕಂಡ ಆಳ್ವಿಕೆ ಮಾತ್ರ ಒಂದೇ. ನನ್ನ ಮಟ್ಟಿಗೆ ನಿಜವಾದ ನಂಟು ಇಲ್ಲಿದೆ.

ಪೌವೌಗೆ ಹೋಗುವಾಗ ಮಡಚುವ ಕುರ್ಚಿ ಒಯ್ಯಿರಿ. ಅಖಾಡದ ಅಂಚಿನಲ್ಲಿ ಕಂಬಳಿ ಹೊದಿಸಿದ ಕುರ್ಚಿಗಳು ಖಾಲಿ ಕಂಡರೂ ಕೂರಬೇಡಿ, ಅವು ಕುಣಿಯುವವರದ್ದು. ಆರಂಭದ ಮೆರವಣಿಗೆಗೆ ಎಲ್ಲರೊಂದಿಗೆ ಎದ್ದು ನಿಲ್ಲಿ, ಟೋಪಿ ತೆಗೆಯಿರಿ. ಗರಿಯೊಂದು ನೆಲಕ್ಕೆ ಬಿದ್ದರೆ ಎಲ್ಲವೂ ನಿಲ್ಲುತ್ತದೆ. ನೀವು ಎತ್ತಿಕೊಡಲು ಹೋಗಬೇಡಿ, ಫೋನ್ ಕೆಳಗಿಡಿ. ಕುಣಿಯುವವರ ಉಡುಪನ್ನು ಮುಟ್ಟಬೇಡಿ, ಅದನ್ನು ವೇಷ ಎನ್ನಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಲೋಹದ ಪುಟ್ಟ ಶಂಕುಗಳು ಸಾಲುಸಾಲಾಗಿ ತೂಗುವ ಜಿಂಗಲ್ ಉಡುಪನ್ನು ನೀವು ಖಂಡಿತ ಕಾಣುತ್ತೀರಿ. ಮೊದಮೊದಲು ನಶ್ಯದ ಡಬ್ಬಿಯ ಮುಚ್ಚಳಗಳನ್ನೇ ಸುರುಳಿ ಸುತ್ತಿ ಆ ಶಂಕುಗಳನ್ನು ಮಾಡುತ್ತಿದ್ದರು. 1918ರ ಹೊತ್ತಿನ ಮಹಾ ಜ್ವರದಲ್ಲಿ ಕಾಯಿಲೆ ಬಿದ್ದ ಒಬ್ಬ ಓಜಿಬ್ವೆ ಹುಡುಗಿಗಾಗಿ ಕನಸಿನಲ್ಲಿ ಬಂದ ಉಡುಪು ಅದು, ಅದನ್ನು ತೊಟ್ಟು ಕುಣಿದು ಅವಳು ಚೇತರಿಸಿಕೊಂಡಳು ಎಂದು ಹೇಳುತ್ತಾರೆ. ಇಂದಿಗೂ ರೋಗಿಗಳಿಗಾಗಿ, ನೊಂದವರಿಗಾಗಿ ಆ ಕುಣಿತ ಕುಣಿಯುತ್ತಾರೆ. ನಿಮ್ಮ ಸಂಗಾತಿ ಅಂದು ಅದನ್ನು ತೊಟ್ಟು ಅಖಾಡಕ್ಕೆ ಇಳಿದರೆ, ಬಾರ್‌ನಲ್ಲಿ ಹೊಡೆದಂತೆ ಶಿಳ್ಳೆ ಹೊಡೆಯಬೇಡಿ. ಎದ್ದು ನಿಂತರೆ ಸಾಕು.

ಜಾಗ ಇರುತ್ತದೆಯೇ ಎಂದು ಕೇಳಿದಿರಿ. ಇದಕ್ಕೆ ನಾನು ಭರವಸೆ ಕೊಡಲಾರೆ, ನಿಮ್ಮ ಸಂಗಾತಿಯೂ ಕೊಡಲಾರರು. ಅವರಿಗೇ ಅದು ಇನ್ನೂ ಖಚಿತವಿಲ್ಲದಿರಬಹುದು. ನಗರದ ವೇದಿಕೆಯಲ್ಲಿ ಅವರಿಗೆ ಚಪ್ಪಾಳೆ ಇದೆ, ಗೆಳೆಯರಿದ್ದಾರೆ, ಅದು ಸುಳ್ಳು ಪ್ರೀತಿಯೇನಲ್ಲ. ಆದರೂ ನಿಮ್ಮನ್ನು ಊರಿಗೆ ಕರೆದಿದ್ದಾರೆ ಎಂದರೆ ತಮ್ಮ ಅತಿ ನಾಜೂಕಾದ ಜಾಗಕ್ಕೆ ಕರೆದಿದ್ದಾರೆ. ಹೊರಡುವ ಮೊದಲು ಒಂದೇ ಪ್ರಶ್ನೆ ಕೇಳಿಟ್ಟುಕೊಳ್ಳಿ: ಅಲ್ಲಿ ನನ್ನನ್ನು ಯಾರೆಂದು ಪರಿಚಯಿಸುತ್ತೀರಿ? ಗೆಳೆಯ ಎಂದರೆ ಗೆಳೆಯ, ಸಂಗಾತಿ ಎಂದರೆ ಸಂಗಾತಿ. ಅವರು ಆರಿಸಿದ್ದನ್ನು ಅಲ್ಲಿರುವಷ್ಟು ದಿನ ಮುರಿಯಬೇಡಿ, ಮುನಿಸಿಕೊಳ್ಳಲೂಬೇಡಿ. ಹಿರಿಯರೊಬ್ಬರಿಂದ ಏನಾದರೂ ಕೇಳಿ ತಿಳಿಯಬೇಕಿದ್ದರೆ ಮೊದಲು ತಂಬಾಕು ಅರ್ಪಿಸುವುದು ಅಲ್ಲಿನ ಕ್ರಮ. ಹೇಗೆ, ಯಾವಾಗ ಎಂಬುದನ್ನು ಸಂಗಾತಿಯನ್ನೇ ಕೇಳಿ ಒಂದು ಪುಟ್ಟ ಪೊಟ್ಟಣ ಜೊತೆಗಿಟ್ಟುಕೊಳ್ಳಿ. ಅವರ ಅಜ್ಜಿ, ಅಲ್ಲಿ ಕೂಕಮ್ ಎನ್ನುತ್ತಾರೆ, ಅಡುಗೆಯ ಡೇರೆಯಲ್ಲಿ ಇರುವ ಸಂಭವ ಹೆಚ್ಚು. ಪಾತ್ರೆ ತೊಳೆಯಲು, ನೀರು ಹೊರಲು ಕೈ ಬೇಕಾಗುತ್ತದೆ. ನಿರೂಪಕರು ಎಲ್ಲ ಜನಾಂಗದವರೂ ಬನ್ನಿ ಎಂದು ಇಂಟರ್‌ಟ್ರೈಬಲ್ ಕುಣಿತಕ್ಕೆ ಕೂಗಿದಾಗ ಮಾತ್ರ ಅಖಾಡಕ್ಕೆ ಇಳಿಯಿರಿ, ನಿಮ್ಮ ಸಂಗಾತಿಯ ಹೆಜ್ಜೆ ನೋಡಿ ಹೆಜ್ಜೆ ಹಾಕಿ.